ಚಾಲಗೇಣಿಯ ತಂತಿ

ಪುತ್ತೂರು ಕಡೆಯ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ದಾರಿ ತಪ್ಪಿ ಆಡಿದ ಕೆಲವು ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಪರಿಚಯ ಮಾಡಿಕೊಟ್ಟವರು ನನ್ನನ್ನು ದೂರಸಂಪರ್ಕ ತಜ್ಞ ಎಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಮೂವತ್ತು ವರ್ಷ ದುಡಿದವನು. ಅದರಲ್ಲಿ ಬಹುಪಾಲು ಎಂಡಿಎಫ್ ಎಂಬ ಕೋಣೆಯಲ್ಲಿ ಕಳೆಯಿತು. ನಿಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿರಲಿಕ್ಕಿಲ್ಲ. ಉದ್ದಕ್ಕೆ ಕಬ್ಬಿಣದ ಚೌಕಟ್ಟು, ನೆಲದಿಂದ ತಲೆಯ ಮೇಲಿನವರೆಗೆ. ಊರಿನ ಪ್ರತಿ ಮನೆಯಿಂದ ಬರುವ ಎರಡೆಳೆ ತಾಮ್ರದ ತಂತಿ, ನಾವು ಪೇರ್ ಎನ್ನುತ್ತೇವೆ, ಅದು ಕಂಬ, ಡಿಪಿ ಪೆಟ್ಟಿಗೆ, ಪಿಲ್ಲರ್, ನೆಲದಡಿಯ ಕೇಬಲ್ ಎಲ್ಲ ದಾಟಿ ಬಂದು ಆ ಚೌಕಟ್ಟಿನ ಒಂದು ಮಗ್ಗುಲಲ್ಲಿ ಕೊನೆಯಾಗುತ್ತದೆ. ಇನ್ನೊಂದು ಮಗ್ಗುಲಲ್ಲಿ ಎಕ್ಸ್‌ಚೇಂಜಿನ ಯಂತ್ರದ ತುದಿ. ಎರಡರ ನಡುವೆ ಸೇತುವೆಯ ಹಾಗೆ ಒಂದು ತೆಳ್ಳನೆಯ ಜಂಪರ್ ತಂತಿ. ಆ ಜಂಪರ್ ಕಿತ್ತರೆ ಊರ ಗುರಿಕಾರರ ಫೋನೂ ಮೂಕ.

ಇವತ್ತಿನ ಕಥೆ ನಡೆಯುವುದು ಅಮೆರಿಕದಲ್ಲಿ, ಆದರೆ ಅದು ಈ ಜಂಪರ್ ತಂತಿಯ ಕಥೆಯೇ. ನೀವು ಕೇಳಿದ ಪ್ರಶ್ನೆ ಹೀಗಿತ್ತು: ಕಷ್ಟದಲ್ಲಿರುವ ಕಂಪನಿಯನ್ನು ಪ್ರೈವೇಟ್ ಈಕ್ವಿಟಿಯವರು, ಅಂದರೆ ಹಲವರ ಹಣ ಕೂಡಿಸಿ ಕಂಪನಿಗಳನ್ನೇ ಕೊಂಡು ಮಾರುವ ನಿಧಿಗಳವರು, ಕೊಂಡರೆ ಏನಾಗುತ್ತದೆ? ಒಂದು ಕಂಪನಿಯನ್ನು ಹಿಡಿದು ಹೇಳುತ್ತೇನೆ. ಅದರ ಹೆಸರು ಕೋವ್ಯಾಡ್, ಬೇರೆಯವರ ಟೆಲಿಫೋನ್ ತಂತಿಯನ್ನು ಬಾಡಿಗೆಗೆ ಹಿಡಿದು ಇಂಟರ್‌ನೆಟ್ ಮಾರುತ್ತಿದ್ದ ಕಂಪನಿ. 2007ರ ಅಕ್ಟೋಬರ್ ಕೊನೆಯಲ್ಲಿ ಪ್ಲಾಟಿನಂ ಈಕ್ವಿಟಿ ಎಂಬ ಸಂಸ್ಥೆ ಅದನ್ನು ಪೂರ್ತಿಯಾಗಿ ಕೊಳ್ಳಲು ಒಪ್ಪಿತು. ಷೇರೊಂದಕ್ಕೆ ಕೊಟ್ಟ ಬೆಲೆ 1 ಡಾಲರ್ 2 ಸೆಂಟ್. ಏಳೂವರೆ ವರ್ಷದ ಹಿಂದೆ, 2000ದ ಮಾರ್ಚಿನಲ್ಲಿ, ಅದೇ ಷೇರು 60 ಡಾಲರ್ ದಾಟಿತ್ತು. ಆ ಎರಡು ಸೆಂಟನ್ನು ಯಾಕೆ ಸೇರಿಸಿದರೋ, ನನಗೆ ಅದೊಂದು ನಗೆ. ಹಳೆ ಕಬ್ಬಿಣದ ವ್ಯಾಪಾರದಲ್ಲೂ ಚಿಲ್ಲರೆಯ ಮೇಲೆ ಹಾಗೆಯೇ ಜಗ್ಗಾಟ ನಡೆಯುತ್ತದೆ.

ಮೊದಲಿನಿಂದ ಬರೋಣ. ಅಮೆರಿಕದ ಟೆಲಿಫೋನು ಬಹುಕಾಲ ಎಟಿ ಅಂಡ್ ಟಿ ಎಂಬ ಒಂದೇ ಯಜಮಾನನ ಕೈಯಲ್ಲಿತ್ತು. 1984ರಲ್ಲಿ ಅದನ್ನು ಒಡೆದರು. ದೂರದ ಕರೆಗಳ ವ್ಯಾಪಾರ ಎಟಿ ಅಂಡ್ ಟಿಗೆ ಉಳಿಯಿತು, ಊರೊಳಗಿನ ತಂತಿಗಳೆಲ್ಲ ಏಳು ಪ್ರಾದೇಶಿಕ ಕಂಪನಿಗಳ ಪಾಲಾದವು. ಜನ ಅವನ್ನು ಬೆಲ್ ಮರಿಗಳು ಎಂದರು. ಮರಿಗಳೆಂದರೂ ಒಂದೊಂದೂ ತನ್ನ ಸೀಮೆಯಲ್ಲಿ ಪಾಳೇಗಾರ. ಪ್ರತಿ ಮನೆಯ ತಾಮ್ರದ ಪೇರ್ ಅವರದು, ಎಕ್ಸ್‌ಚೇಂಜಿನ ಕಟ್ಟಡ ಅವರದು, ಎಂಡಿಎಫ್ ಕೋಣೆಯ ಬೀಗದ ಕೈ ಅವರದು.

1996ರ ಫೆಬ್ರವರಿ 8ರಂದು ಕ್ಲಿಂಟನ್ ಹೊಸ ದೂರಸಂಪರ್ಕ ಕಾಯ್ದೆಗೆ ಸಹಿ ಹಾಕಿದರು. ಅದರ ಒಂದು ಅಂಶ ನಮ್ಮ ಕಥೆಯ ಬೀಜ: ಬೆಲ್ ಮರಿಗಳು ತಮ್ಮ ತಂತಿಯನ್ನು, ಎಕ್ಸ್‌ಚೇಂಜಿನೊಳಗಿನ ಜಾಗವನ್ನು, ಕೇಳಿ ಬಂದ ಹೊಸ ಕಂಪನಿಗಳಿಗೆ ನ್ಯಾಯವಾದ ಬಾಡಿಗೆಗೆ ಕೊಡಲೇಬೇಕು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜ. ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಘಟ್ಟದ ಮೇಲಿನಿಂದ ಬಂದು ಇಲ್ಲಿ ಓದುವವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಗೇಣಿ ಎರಡು ಬಗೆ. ಮೂಲಗೇಣಿ ಎಂದರೆ ಕಾಯಂ. ಕಟ್ಟಬೇಕಾದ ಅಕ್ಕಿ ಮುಡಿಯ ಲೆಕ್ಕ ಒಮ್ಮೆ ಗೊತ್ತಾದರೆ ಮಕ್ಕಳು ಮೊಮ್ಮಕ್ಕಳವರೆಗೂ ಅಷ್ಟೇ, ಒಕ್ಕಲನ್ನು ಎಬ್ಬಿಸುವಂತಿಲ್ಲ. ಚಾಲಗೇಣಿ ಎಂದರೆ ಧಣಿಯ ಮರ್ಜಿ. ಇವತ್ತು ಗದ್ದೆ ನಿನ್ನದು, ಬರುವ ವರ್ಷ ನೋಡೋಣ. ಅಜ್ಜ ಚಾಲಗೇಣಿಯವರು. ಗದ್ದೆಗೆ ಗೊಬ್ಬರ ಹಾಕುವಾಗಲೂ, ತೆಂಗಿನ ಸಸಿ ನೆಡುವಾಗಲೂ ಅವರಿಗೆ ಒಂದೇ ಯೋಚನೆ: ಫಲ ಬರುವಾಗ ಇಲ್ಲಿ ನಾವಿರುತ್ತೇವೋ ಇಲ್ಲವೋ. ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದು, ಏಳನೇ ನಮೂನೆಯ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು ಆ ಗದ್ದೆ ನಮ್ಮದಾಯಿತು. ಅಮೆರಿಕದ 1996ರ ಕಾಯ್ದೆ ಉಳುವವನನ್ನು ಒಡೆಯನನ್ನಾಗಿ ಮಾಡಲಿಲ್ಲ. ಗೇಣಿಗೆ ಕೊಡು ಎಂದಷ್ಟೇ ಹೇಳಿತು. ಯಾವ ಗೇಣಿ ಎಂಬುದನ್ನು ಮುಂದಿನ ಹತ್ತು ವರ್ಷ ಅಲ್ಲಿನ ಸಂಪರ್ಕ ಆಯೋಗ ಮತ್ತು ಕೋರ್ಟುಗಳು ಎಳೆದಾಡಿದವು.

ಆ ಕಾಯ್ದೆ ಬಂದ ವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಕೋವ್ಯಾಡ್ ಹುಟ್ಟಿತು. ಕಟ್ಟಿದವರು ಚಾರ್ಲ್ಸ್ ಮೆಕ್‌ಮಿನ್, ಚಾರ್ಲ್ಸ್ ಹಾಸ್, ಧ್ರುವ್ ಖನ್ನಾ. ಮೂವರೂ ಇಂಟೆಲ್ ಕಂಪನಿಯ ನಂಟಿನವರು, ಖನ್ನಾ ವಕೀಲರು. ಹೊಸ ದೂರಸಂಪರ್ಕ ಕಂಪನಿಯೊಂದರ ಸ್ಥಾಪಕರಲ್ಲಿ ವಕೀಲರೊಬ್ಬರು ಇದ್ದದ್ದು ಆಕಸ್ಮಿಕವಲ್ಲ. ಅವರ ಮುಖ್ಯ ಯಂತ್ರ ಡಿಎಸ್‌ಎಲ್ ಪೆಟ್ಟಿಗೆ ಎಷ್ಟೋ, ಆ ಕಾಯ್ದೆಯ ಪುಟಗಳೂ ಅಷ್ಟೇ.

ಡಿಎಸ್‌ಎಲ್ ಎಂದರೇನು? ಮಾತು ಹೋಗುವುದಕ್ಕೆ ತಾಮ್ರದ ತಂತಿಯ ಶಕ್ತಿಯಲ್ಲಿ ಚೂರೇ ಚೂರು ಸಾಕು, ಕೆಳಗಿನ ಆವರ್ತನಗಳು. ಮೇಲಿನದೆಲ್ಲ ಪಾಳು ಬಿದ್ದಿರುತ್ತದೆ. ಅಲ್ಲಿ ದತ್ತಾಂಶ ಹರಿಸಿದರೆ ಅದೇ ತಂತಿಯಲ್ಲಿ ಫೋನೂ ನಡೆಯುತ್ತದೆ, ಇಂಟರ್‌ನೆಟ್ಟೂ ನಡೆಯುತ್ತದೆ. ಒಂದೇ ತೊಡಕು ದೂರ. ಎಕ್ಸ್‌ಚೇಂಜಿನಿಂದ ಐದೂವರೆ ಕಿಲೋಮೀಟರ್ ಮೀರಿದರೆ ಸಂಕೇತ ಸೋರಿ ಹೋಗುತ್ತದೆ. ಆದ್ದರಿಂದ ಡಿಎಸ್‌ಎಲ್ ಮಾರುವವನು ಪ್ರತಿ ಎಕ್ಸ್‌ಚೇಂಜಿನ ಒಳಗೇ ತನ್ನ ಪೆಟ್ಟಿಗೆ ಇಡಬೇಕು. ಕೋವ್ಯಾಡ್ ಹಾಗೆಯೇ ಮಾಡಿತು. ಬೆಲ್ ಕಂಪನಿಯ ಕಟ್ಟಡದಲ್ಲಿ ಜಾಲರಿ ಹೊಡೆದು ಒಂದು ಪಂಜರ ಬಾಡಿಗೆಗೆ ಹಿಡಿಯುವುದು, ಅದರೊಳಗೆ ತನ್ನ ಯಂತ್ರ ಕೂರಿಸುವುದು, ಗಿರಾಕಿ ಸಿಕ್ಕಿದಾಗ ಆ ಮನೆಯ ಪೇರ್ ಅನ್ನು ಎಂಡಿಎಫ್‌ನಿಂದ ತನ್ನ ಪಂಜರಕ್ಕೆ ಎಳೆಸಿಕೊಳ್ಳುವುದು. ಎಳೆಯುವವರು ಯಾರು? ಬೆಲ್ ಕಂಪನಿಯ ನೌಕರರು. ಚೌಕಟ್ಟು ಮುಟ್ಟುವ ಅಧಿಕಾರ ಅವರಿಗೆ ಮಾತ್ರ. ಆ ಬೆಲ್ ಕಂಪನಿಯೋ, ಪಕ್ಕದ ಸಾಲಿನಲ್ಲಿ ತನ್ನದೇ ಡಿಎಸ್‌ಎಲ್ ಪೆಟ್ಟಿಗೆ ಇಟ್ಟುಕೊಂಡು ಅದೇ ಗಿರಾಕಿಗೆ ಕಾಯುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಂಡಿಎಫ್‌ನಲ್ಲಿ ಕೆಲಸ ಮಾಡಿದವನಿಗೆ ಮಾತ್ರ ಇದರ ರುಚಿ ಗೊತ್ತು. ಒಂದು ಜಂಪರ್ ಎಳೆಯಲು ಐದು ನಿಮಿಷ ಸಾಕು. ಎಳೆಯದೆ ಇರಲು ಕಾರಣಗಳು ನೂರು. ಪೇರ್ ಖಾಲಿ ಇಲ್ಲ. ದಾಖಲೆಯಲ್ಲಿ ಇರುವ ಪೇರ್ ಚೌಕಟ್ಟಿನಲ್ಲಿ ಇಲ್ಲ. ಆರ್ಡರ್ ಬಂದಿದೆ, ಸಂಖ್ಯೆ ತಪ್ಪು. ಲೈನ್‌ಮನ್ ಹೋಗಿದ್ದ, ಮನೆಯಲ್ಲಿ ಯಾರೂ ಇರಲಿಲ್ಲ. ಇವುಗಳಲ್ಲಿ ಸುಳ್ಳು ಒಂದೂ ಇರಬೇಕಾಗಿಲ್ಲ. ಎಲ್ಲ ನಿಜವಿದ್ದೂ ಗಿರಾಕಿ ತಿಂಗಳು ಕಾಯಬಹುದು. ಕೋವ್ಯಾಡ್ ಮತ್ತು ಬೆಲ್ ಮರಿಗಳು ವರ್ಷಗಟ್ಟಲೆ ಕೋರ್ಟು, ಆಯೋಗಗಳ ಮುಂದೆ ಹೊಡೆದಾಡಿದ್ದು ಹೆಚ್ಚಾಗಿ ಇಂಥ ವಿಷಯಗಳಿಗೇ.

ಹಣದ ಕಡೆಗೆ ಬರೋಣ, ನೀವು ವಾಣಿಜ್ಯದವರು. ಕೋವ್ಯಾಡಿನ ಮೊದಲ ದೊಡ್ಡ ಹೂಡಿಕೆದಾರರಲ್ಲಿ ವಾರ್ಬರ್ಗ್ ಪಿಂಕಸ್ ಒಂದು. ಅದೂ ಪ್ರೈವೇಟ್ ಈಕ್ವಿಟಿ ಸಂಸ್ಥೆಯೇ. ಅಂದರೆ ತೊಟ್ಟಿಲು ತೂಗಿದ್ದೂ, ಕೊನೆಗೆ ಮನೆಯ ಬೀಗ ಹಾಕಿಕೊಂಡದ್ದೂ ಒಂದೇ ಕುಲದವರು. 1997ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಮುತ್ತ ಸೇವೆ ಶುರುವಾಯಿತು. ಮೂರೇ ತಿಂಗಳಲ್ಲಿ, 1998ರ ಮಾರ್ಚಿನಲ್ಲಿ, ಶೇಕಡಾ 13.5 ಬಡ್ಡಿಯ ಬಾಂಡುಗಳನ್ನು ಮಾರಿ ಸುಮಾರು 13.5 ಕೋಟಿ ಡಾಲರ್ ಎತ್ತಿದರು. ಬಡ್ಡಿಯ ದರವನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಚಾಲಗೇಣಿಯ ಗದ್ದೆಗೆ ಹದಿಮೂರೂವರೆ ಬಡ್ಡಿಯಲ್ಲಿ ಸಾಲ ಮಾಡಿ ತೆಂಗು ನೆಟ್ಟ ಹಾಗೆ. 1999ರ ಜನವರಿಯಲ್ಲಿ 18 ಡಾಲರಿಗೆ ಷೇರು ಪೇಟೆಗೆ ಬಂತು. 2000ದಲ್ಲಿ ಮತ್ತೆ ಸಾಲ, ಇನ್ನೂ ಸಾಲ. ಆ ವರ್ಷದ ನಷ್ಟ 100 ಕೋಟಿ ಡಾಲರ್ ಮೀರಿತು.

ಆ ಕಾಲದ ಅಮಲು ಹಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ, ನಾನು ಅದರ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಆಗ ಇದೇ ಕೆಲಸಕ್ಕೆ ದೇಶದಾದ್ಯಂತ ಇಳಿದ ಸ್ವತಂತ್ರ ಕಂಪನಿಗಳು ಮೂರು: ಕೋವ್ಯಾಡ್, ರಿದಮ್ಸ್, ನಾರ್ತ್‌ಪಾಯಿಂಟ್. ನಾರ್ತ್‌ಪಾಯಿಂಟಿನಲ್ಲಿ ಶೇಕಡಾ 55 ಪಾಲನ್ನು 80 ಕೋಟಿ ಡಾಲರಿಗೆ ಕೊಳ್ಳುತ್ತೇನೆ ಎಂದು ಬೆಲ್ ಮರಿಗಳ ಮನೆತನದ ವೆರೈಜನ್ 2000ದ ಆಗಸ್ಟಿನಲ್ಲಿ ಒಪ್ಪಿ, ನವೆಂಬರಿನಲ್ಲಿ ಹಿಂದೆ ಸರಿಯಿತು. 2001ರ ಜನವರಿಯಲ್ಲಿ ನಾರ್ತ್‌ಪಾಯಿಂಟ್ ದಿವಾಳಿ ಅರ್ಜಿ ಹಾಕಿತು. ಎಟಿ ಅಂಡ್ ಟಿ ಅದರ ಯಂತ್ರಗಳನ್ನು 13.5 ಕೋಟಿ ಡಾಲರಿಗೆ ಕೊಂಡಿತು, ಗಿರಾಕಿಗಳನ್ನು ಕೊಳ್ಳಲಿಲ್ಲ. ಸುಮಾರು ಒಂದು ಲಕ್ಷ ಸಂಪರ್ಕಗಳು ಕೆಲವೇ ದಿನಗಳಲ್ಲಿ ಕತ್ತಲಾದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ರಿದಮ್ಸ್ 2001ರ ಆಗಸ್ಟಿನಲ್ಲಿ ದಿವಾಳಿಯಾಯಿತು.

ಕೋವ್ಯಾಡ್ ಕೂಡ 2001ರ ಆಗಸ್ಟ್ 15ರಂದು ದಿವಾಳಿ ರಕ್ಷಣೆ ಕೇಳಿತು. ಆದರೆ ಬಾಂಡುದಾರರ ಜೊತೆ ಮೊದಲೇ ಮಾತು ಮುಗಿಸಿಕೊಂಡು ಹೋಗಿತ್ತು. ಸುಮಾರು 140 ಕೋಟಿ ಡಾಲರಿನ ಬಾಂಡು ಸಾಲ ಅಳಿಯಿತು. ಸಾಲ ಕೊಟ್ಟವರಿಗೆ ಡಾಲರಿಗೆ ಇಪ್ಪತ್ತು ಸೆಂಟಿನ ಆಸುಪಾಸು ನಗದು, ಜೊತೆಗೆ ಒಂದಿಷ್ಟು ಷೇರು. ಹೊಸ ಹಣ ಕೊಟ್ಟು ಎಬ್ಬಿಸಿದವರು ಯಾರು ಗೊತ್ತೇ? ಎಸ್‌ಬಿಸಿ. ಬೆಲ್ ಮರಿಗಳಲ್ಲೊಂದು. ಧಣಿಯೇ ಒಕ್ಕಲಿಗೆ ಬೀಜದ ಭತ್ತ ಕೊಟ್ಟ ಹಾಗೆ. ಡಿಸೆಂಬರಿನಲ್ಲಿ ಕೋವ್ಯಾಡ್ ದಿವಾಳಿಯಿಂದ ಹೊರಬಂತು. ಆಗ ಅದರ ಮೇಲೆ ದೊಡ್ಡ ಸಾಲವಿಲ್ಲ, ಯಂತ್ರಗಳು ಕೂತಾಗಿವೆ, ಎದುರಾಳಿಗಳು ಇಬ್ಬರೂ ಇಲ್ಲ. ಪಾಠ ಕಲಿತ ಕಂಪನಿ ಇನ್ನು ಬದುಕುತ್ತದೆ ಎಂದು ಯಾರಾದರೂ ಅಂದುಕೊಳ್ಳುವ ಹೊತ್ತು.

ಹಾಗಾದರೆ ಆರು ವರ್ಷದ ಮೇಲೆ 1 ಡಾಲರ್ 2 ಸೆಂಟಿಗೆ ಯಾಕೆ ಬಂತು? ಪ್ರೈವೇಟ್ ಈಕ್ವಿಟಿಯ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮಾರಾಟದ ದಿನದಿಂದ ಕಥೆ ಶುರುಮಾಡುತ್ತಾರೆ. ನನ್ನ ತಕರಾರು ಅದೇ. ಆ ಬೆಲೆ ಗೊತ್ತಾದದ್ದು ಮಾರಾಟಕ್ಕಿಂತ ನಾಲ್ಕು ವರ್ಷ ಮೊದಲು, ವಾಷಿಂಗ್ಟನ್ನಿನ ಒಂದು ಸಭೆಯಲ್ಲಿ.

1999ರ ನವೆಂಬರಿನಲ್ಲಿ ಅಮೆರಿಕದ ಸಂಪರ್ಕ ಆಯೋಗ, ಎಫ್‌ಸಿಸಿ, ತಂತಿ ಹಂಚಿಕೆಯ ಆದೇಶ ಹೊರಡಿಸಿತ್ತು. ಫೋನಿಗೆ ಬೆಲ್ ಕಂಪನಿ ತಂತಿಯ ಕೆಳಗಿನ ಆವರ್ತನ ಬಳಸಲಿ, ಮೇಲಿನ ಪಾಳು ಭಾಗವನ್ನಷ್ಟೇ ಕೋವ್ಯಾಡಿನಂಥವರು ಬಾಡಿಗೆಗೆ ಪಡೆಯಲಿ ಎಂದು. ಮನೆಗಳಿಗೆ ಡಿಎಸ್‌ಎಲ್ ಮಾರುವವನಿಗೆ ಇದೇ ಉಸಿರು. ಇಡೀ ತಂತಿಯ ಬಾಡಿಗೆ ತೆರಬೇಕಾದರೆ ಲೆಕ್ಕ ಕೂಡಿ ಬರುವುದಿಲ್ಲ. 2002ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು: ಕೇಬಲ್ ಟಿವಿಯವರು ಬ್ರಾಡ್‌ಬ್ಯಾಂಡ್ ಕೊಡುತ್ತಿರುವಾಗ ಸ್ಪರ್ಧೆ ಇದೆಯಲ್ಲ, ಅದನ್ನು ಆಯೋಗ ಯಾಕೆ ಗಣನೆಗೆ ತರಲಿಲ್ಲ ಎಂದು ಕೇಳಿತು. 2003ರ ಫೆಬ್ರವರಿಯಲ್ಲಿ ಆಯೋಗದ ಐವರು ಸದಸ್ಯರು ಮತ್ತೆ ಕೂತರು. ತಂತಿ ಹಂಚಿಕೆ ಮುಗಿಯಿತು ಎಂದು ಬಹುಮತ ಬಂತು. ಅಧ್ಯಕ್ಷ ಮೈಕೆಲ್ ಪವೆಲ್, ಮಾರುಕಟ್ಟೆಗೆ ಬಿಡಿ ಎನ್ನುವ ಮನುಷ್ಯ, ಅವರೇ ಈ ಭಾಗಕ್ಕೆ ಭಿನ್ನಮತ ಬರೆದರು. ಹೊಸ ಗಿರಾಕಿಗಳ ವಿಷಯದಲ್ಲಿ ಮೂರು ವರ್ಷದ ಗಡುವು ಕೊಟ್ಟರು: ಮೊದಲ ವರ್ಷ ಇಡೀ ತಂತಿಯ ಬಾಡಿಗೆಯಲ್ಲಿ ಶೇಕಡಾ 25, ಎರಡನೆಯ ವರ್ಷ 50, ಮೂರನೆಯ ವರ್ಷ 75. ಆಮೇಲೆ ಧಣಿ ಹೇಳಿದ್ದೇ ಗೇಣಿ.

ಅಜ್ಜ ಇದ್ದಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದರು. ಮೂಲಗೇಣಿ ಚೀಟಿ ಎಂದುಕೊಂಡು ಜೋಪಾನ ಮಾಡಿದ್ದ ಕಾಗದವನ್ನು ಬಿಚ್ಚಿ ನೋಡಿದರೆ ಚಾಲಗೇಣಿ.

ಅಲ್ಲಿಂದ ಮುಂದಿನದು ಒಂದೊಂದೇ ಕಂಬ ವಾಲಿದ ಕಥೆ. ಕೋವ್ಯಾಡ್ ಬಹುಪಾಲು ನೇರವಾಗಿ ಮನೆಗಳಿಗೆ ಮಾರುತ್ತಿರಲಿಲ್ಲ, ಸಗಟು ವ್ಯಾಪಾರಿ. ಅರ್ಥ್‌ಲಿಂಕ್, ಎಟಿ ಅಂಡ್ ಟಿ, ಎಂಸಿಐ ಮುಂತಾದವರು ಅದರಿಂದ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಿದ್ದರು. 2005ರ ನವೆಂಬರಿನಲ್ಲಿ ಎಸ್‌ಬಿಸಿಯು ಎಟಿ ಅಂಡ್ ಟಿಯನ್ನೇ ಕೊಂಡುಕೊಂಡು ಆ ಹೆಸರನ್ನು ತಾನೇ ಇಟ್ಟುಕೊಂಡಿತು. ಎರಡು ತಿಂಗಳಲ್ಲಿ ವೆರೈಜನ್ ಎಂಸಿಐಯನ್ನು ನುಂಗಿತು. ನಿನ್ನೆಯ ದೊಡ್ಡ ಗಿರಾಕಿಗಳು ಇವತ್ತು ಧಣಿಯ ಮನೆಯವರು. ಅದೇ 2005ರಲ್ಲಿ ಸುಪ್ರೀಂ ಕೋರ್ಟು ಬ್ರಾಂಡ್ ಎಕ್ಸ್ ಮೊಕದ್ದಮೆಯಲ್ಲಿ ಕೇಬಲ್ ಕಂಪನಿಗಳು ತಮ್ಮ ಜಾಲವನ್ನು ಹಂಚಿಕೊಳ್ಳಬೇಕಾಗಿಲ್ಲ ಎಂಬ ಆಯೋಗದ ನಿಲುವನ್ನು ಎತ್ತಿಹಿಡಿಯಿತು. ಎರಡು ತಿಂಗಳಲ್ಲಿ ಆಯೋಗ ಫೋನ್ ಕಂಪನಿಗಳ ಬ್ರಾಡ್‌ಬ್ಯಾಂಡಿಗೂ ಅದೇ ಸಡಿಲಿಕೆ ಕೊಟ್ಟಿತು. ಇನ್ನೊಂದು ಕಡೆ ವೆರೈಜನ್ ಮನೆಗಳಿಗೆ ಗಾಜಿನ ಎಳೆ, ಅಂದರೆ ಫೈಬರ್, ಹಾಕತೊಡಗಿತು, ಹಾಕಿದಲ್ಲಿ ಹಳೆಯ ತಾಮ್ರವನ್ನು ಕಡಿಯುತ್ತಾ ಹೋಯಿತು. ಗಾಜಿನ ಎಳೆಯನ್ನು ಹಂಚಬೇಕಾಗಿರಲಿಲ್ಲ. ತಾಮ್ರವನ್ನು ಕಡಿಯಬೇಡಿ ಎಂದು ಸ್ವತಂತ್ರ ಕಂಪನಿಗಳು 2007ರಲ್ಲಿ ಆಯೋಗಕ್ಕೆ ಅರ್ಜಿ ಹಾಕಿಕೊಂಡವು. ಗದ್ದೆಯ ಗೇಣಿ ಹೆಚ್ಚಿಸಿದ್ದು ಸಾಲದೆ ಗದ್ದೆಯನ್ನೇ ಮುಚ್ಚಿಬಿಟ್ಟರೆ ಒಕ್ಕಲು ಎಲ್ಲಿಗೆ ಹೋಗಬೇಕು?

ಕೋವ್ಯಾಡ್ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಇಂಟರ್‌ನೆಟ್ ಮೂಲಕ ಫೋನ್ ಕೊಡುವ ಒಂದು ಕಂಪನಿಯನ್ನು ಕೊಂಡಿತು, ನಿಸ್ತಂತು ಸಂಪರ್ಕದ ಇನ್ನೊಂದನ್ನು ಕೊಂಡಿತು, ಮನೆಗಳನ್ನು ಬಿಟ್ಟು ಸಣ್ಣ ಕಚೇರಿಗಳ ಕಡೆ ತಿರುಗಿತು. ಇಡೀ ತಂತಿಯ ಬಾಡಿಗೆ ಕೊಟ್ಟರೂ ಕಚೇರಿಯ ಗಿರಾಕಿಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. 2007ರ ಹೊತ್ತಿಗೆ 44 ರಾಜ್ಯಗಳಲ್ಲಿ ಜಾಲ, ಸುಮಾರು ಎರಡು ಸಾವಿರ ಎಕ್ಸ್‌ಚೇಂಜುಗಳಲ್ಲಿ ಪೆಟ್ಟಿಗೆಗಳು, ಸುಮಾರು ಐದು ಲಕ್ಷ ಸಂಪರ್ಕಗಳು, ವರ್ಷಕ್ಕೆ 45 ಕೋಟಿ ಡಾಲರಿಗೂ ಹೆಚ್ಚು ವರಮಾನ. ನಷ್ಟ ಕಿರಿದಾಗಿತ್ತು, ಅಳಿದಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಗಡಿಯಾರ ಓಡುತ್ತಿತ್ತು. 2004ರಲ್ಲಿ ಶೇಕಡಾ 3 ಬಡ್ಡಿಯ ಪರಿವರ್ತನೀಯ ಸಾಲಪತ್ರಗಳನ್ನು ಮಾರಿ ಕಂಪನಿ 12.5 ಕೋಟಿ ಡಾಲರ್ ಎತ್ತಿತ್ತು. ಅವಧಿ 2024ರವರೆಗೆ, ಆದರೆ ನಡುವೆ ಕೆಲವು ದಿನಾಂಕಗಳಲ್ಲಿ ಸಾಲ ಕೊಟ್ಟವರು ಹಣ ವಾಪಸು ಕೇಳಬಹುದು ಎಂಬ ಷರತ್ತು. ಮೊದಲ ದಿನಾಂಕ 2009ರ ಮಾರ್ಚ್. ಷೇರು ಬೆಲೆ ಏರಿದ್ದರೆ ಅವರು ಪತ್ರವನ್ನು ಷೇರಾಗಿ ಬದಲಿಸಿಕೊಳ್ಳುತ್ತಿದ್ದರು, ಕಂಪನಿ ನಗದು ಕೊಡಬೇಕಾಗಿರಲಿಲ್ಲ. ಷೇರು ಒಂದು ಡಾಲರಿನ ಸುತ್ತ ಇರುವಾಗ ಯಾರು ಬದಲಿಸಿಕೊಳ್ಳುತ್ತಾರೆ? 2006ರಲ್ಲಿ ಅರ್ಥ್‌ಲಿಂಕ್ 5 ಕೋಟಿ ಡಾಲರ್ ಹಾಕಿತು. ಅದರಲ್ಲಿ 4 ಕೋಟಿ ಶೇಕಡಾ 12 ಬಡ್ಡಿಯ ಸಾಲ. ಆ ಅರ್ಥ್‌ಲಿಂಕೇ 2007ರ ಆಗಸ್ಟಿನಲ್ಲಿ ತನ್ನ ನೌಕರರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಮನೆಗೆ ಕಳಿಸಿತು. ಅದೇ ತಿಂಗಳು ಅಮೆರಿಕದ ಸಾಲದ ಪೇಟೆಯೂ ಬಿಗಿಯತೊಡಗಿತ್ತು. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದನ್ನು: ಕಂಪನಿ ನಷ್ಟದಿಂದ ಬೀಳುವುದಕ್ಕಿಂತ ಹೆಚ್ಚಾಗಿ ಸಾಲ ಕಟ್ಟುವ ದಿನ ಬಂದು ಬೀಳುತ್ತದೆ. ಎರಡು ತಿಂಗಳ ನಂತರ ಪ್ಲಾಟಿನಂ ಬಂದದ್ದು ಈ ಸ್ಥಿತಿಯಲ್ಲಿ.

ಪ್ರೈವೇಟ್ ಈಕ್ವಿಟಿ ಎಂದರೇನೆಂದು ನಿಮ್ಮ ಪಠ್ಯದಲ್ಲಿ ಇದೆ, ನಾನು ಗಡಿಬಿಡಿಯಲ್ಲಿ ಮುಗಿಸುತ್ತೇನೆ. ಪಿಂಚಣಿ ನಿಧಿ, ವಿಮಾ ಕಂಪನಿ, ವಿಶ್ವವಿದ್ಯಾಲಯ ಇವರೆಲ್ಲರ ಹಣ ಸೇರಿಸಿ ಒಂದು ನಿಧಿ. ಆಯುಸ್ಸು ಸುಮಾರು ಹತ್ತು ವರ್ಷ. ನಡೆಸುವವರಿಗೆ ವರ್ಷಕ್ಕೆ ಶೇಕಡಾ 2ರ ಆಸುಪಾಸು ಶುಲ್ಕ, ಲಾಭದಲ್ಲಿ ಐದನೇ ಒಂದು ಪಾಲು. ಕಂಪನಿಯನ್ನು ಇಡಿಯಾಗಿ ಕೊಳ್ಳುವುದು, ಷೇರು ಪೇಟೆಯಿಂದ ಎಬ್ಬಿಸಿ ಒಳಗೆ ಕರೆದುಕೊಳ್ಳುವುದು, ಕೆಲವು ವರ್ಷದಲ್ಲಿ ಮಾರುವುದು. ಪ್ಲಾಟಿನಂ ಈಕ್ವಿಟಿಯನ್ನು 1995ರಲ್ಲಿ ಕಟ್ಟಿದವರು ಟಾಮ್ ಗೋರ್ಸ್, ಊರು ಬೆವರ್ಲಿ ಹಿಲ್ಸ್. ಅವರ ಕಸುಬು ಪಂಚತಾರಾ ಕಂಪನಿಗಳನ್ನು ಕೊಳ್ಳುವುದಲ್ಲ. ದೊಡ್ಡ ಮನೆಗಳು ಬೇಡವೆಂದು ಹೊರಗಿಟ್ಟ ಘಟಕಗಳನ್ನು, ಯಾರಿಗೂ ಬೇಡವಾದ ದೂರಸಂಪರ್ಕ ವ್ಯಾಪಾರಗಳನ್ನು ಕಡಿಮೆ ಬೆಲೆಗೆ ಕೊಂಡು, ಖರ್ಚು ಬಿಗಿಹಿಡಿದು ನಡೆಸುವುದು. ಹಳೆಯ ಬಸ್ಸು ಕೊಂಡು ಒಳದಾರಿಯ ರೂಟಿನಲ್ಲಿ ಓಡಿಸುವವರನ್ನು ನೀವು ನೋಡಿದ್ದೀರಲ್ಲ, ಅವರ ಜಾತಿ.

ಒಪ್ಪಂದವಾಗಿ ಹಣ ಕೈಸೇರುವುದಕ್ಕೆ ಸುಮಾರು ಆರು ತಿಂಗಳು ಹಿಡಿಯಿತು. ಷೇರುದಾರರ ಮತ, ಎಫ್‌ಸಿಸಿಯ ಒಪ್ಪಿಗೆ, ರಾಜ್ಯ ರಾಜ್ಯಗಳ ಆಯೋಗಗಳ ಒಪ್ಪಿಗೆ. ಅಷ್ಟರಲ್ಲಿ ವಾಲ್ ಸ್ಟ್ರೀಟಿನಲ್ಲಿ ಬೇರ್ ಸ್ಟರ್ನ್ಸ್ ಎಂಬ ಹೂಡಿಕೆ ಬ್ಯಾಂಕು ಬಿದ್ದಿತ್ತು, ಎಷ್ಟೋ ದೊಡ್ಡ ಖರೀದಿಗಳು ಮುರಿದು ಬಿದ್ದಿದ್ದವು. 2008ರ ಏಪ್ರಿಲ್‌ನಲ್ಲಿ ಕೋವ್ಯಾಡ್ ವ್ಯವಹಾರ ಮುಗಿಯಿತು. ಷೇರುಗಳಿಗೆ ಒಟ್ಟು ಸುಮಾರು 30 ಕೋಟಿ ಡಾಲರ್. 18ಕ್ಕೆ ಕೊಂಡವನಿಗೂ 60ಕ್ಕೆ ಕೊಂಡವನಿಗೂ 1 ಡಾಲರ್ 2 ಸೆಂಟ್. ಬೇಡ ಎಂದು ಮತ ಹಾಕಿದ್ದರೆ ಆ ವರ್ಷದ ಕೊನೆಗೆ ಏನು ಸಿಗುತ್ತಿತ್ತು ಎಂದು ಲೆಕ್ಕ ಹಾಕಿ. ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕೂ ಹೋಯಿತು, 2009ರ ಮಾರ್ಚಿಗೆ 12.5 ಕೋಟಿ ಕೊಡಬೇಕಾಗಿತ್ತು. ಷೇರುದಾರರು ಮೋಸ ಹೋದರು ಎಂದು ನನಗೆ ಅನಿಸುವುದಿಲ್ಲ.

ಆಮೇಲೆ? ಷೇರು ಪೇಟೆ ಬಿಟ್ಟ ಕಂಪನಿ ಅಂಗಳಕ್ಕೆ ಬಾಗಿಲು ಹಾಕಿದ ಮನೆಯಂತೆ, ಮೂರು ತಿಂಗಳಿಗೊಮ್ಮೆ ಲೆಕ್ಕ ಓದಿ ಹೇಳುವುದಿಲ್ಲ. 2010ರಲ್ಲಿ ಪ್ಲಾಟಿನಂ ಕೋವ್ಯಾಡನ್ನು ಮೆಗಾಪಾಥ್ ಎಂಬ ಕಂಪನಿಯ ಜೊತೆ ಕೂಡಿಸಿತು. ಸಿಯಾಟಲ್‌ನ ಸ್ಪೀಕೀಸಿ ಎಂಬ ಇಂಟರ್‌ನೆಟ್ ಕಂಪನಿಯೂ ಅದಕ್ಕೇ ಸೇರಿತು. 2007ರಲ್ಲಿ ಬೆಸ್ಟ್ ಬೈ ಎಂಬ ಎಲೆಕ್ಟ್ರಾನಿಕ್ ಅಂಗಡಿಗಳ ಕಂಪನಿ ಸ್ಪೀಕೀಸಿಯನ್ನು 9.7 ಕೋಟಿ ಡಾಲರಿಗೆ ಕೊಂಡಿತ್ತು. ಮೂರು ಸ್ವತಂತ್ರರು ಒಂದು ಚಪ್ಪರದಡಿ, ಹೆಸರು ಮೆಗಾಪಾಥ್. ಕೋವ್ಯಾಡ್ ಎಂಬ ಹೆಸರು ಫಲಕದಿಂದ ಇಳಿಯಿತು. 2015ರ ಆರಂಭದಲ್ಲಿ ಸಗಟು ಜಾಲ, ಅಂದರೆ ಹಳೆಯ ಕೋವ್ಯಾಡಿನ ಹೊಟ್ಟೆಭಾಗ, ಗ್ಲೋಬಲ್ ಕೆಪ್ಯಾಸಿಟಿ ಎಂಬವರಿಗೆ 14.4 ಕೋಟಿ ಡಾಲರಿಗೆ ಹೋಯಿತು. ಅದೇ ವರ್ಷ ಇನ್ನೊಂದು ತುಂಡನ್ನು ಜಿಟಿಟಿ ಎಂಬ ದೂರಸಂಪರ್ಕ ಕಂಪನಿ ಕೊಂಡಿತು. 2017ರಲ್ಲಿ ಜಿಟಿಟಿ ಗ್ಲೋಬಲ್ ಕೆಪ್ಯಾಸಿಟಿಯನ್ನೂ ಕೊಂಡಿತು. ಉಳಿದ ಮೆಗಾಪಾಥ್ 2018ರಲ್ಲಿ ಫ್ಯೂಷನ್ ಎಂಬ ಕಂಪನಿಗೆ, 7.15 ಕೋಟಿ ಡಾಲರಿಗೆ. ಫ್ಯೂಷನ್ 2019ರಲ್ಲಿ ದಿವಾಳಿ ಅರ್ಜಿ ಹಾಕಿತು, ಜಿಟಿಟಿ 2021ರಲ್ಲಿ. ಹಿರಿಯರ ಆಸ್ತಿ ಪಾಲಾದ ಮೇಲೆ ಯಾರ ಹಿತ್ತಿಲು ಯಾರದೆಂದು ತಿಳಿಯದಂತಾಗುತ್ತದಲ್ಲ, ಹಾಗೆ.

ಇದನ್ನು ಕೇಳಿ ನಿಮ್ಮಲ್ಲಿ ಕೆಲವರು ತಲೆಯಾಡಿಸುತ್ತಿದ್ದೀರಿ: ನೋಡಿ, ಹದ್ದುಗಳು ಕಿತ್ತು ತಿಂದವು ಎಂದು. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ನಾರ್ತ್‌ಪಾಯಿಂಟಿನ ಒಂದು ಲಕ್ಷ ಗಿರಾಕಿಗಳನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಅಲ್ಲಿ ಗಿರಾಕಿಗಳನ್ನು ಯಾರೂ ಕೊಳ್ಳಲಿಲ್ಲ, ಕೆಲವೇ ದಿನಗಳಲ್ಲಿ ಕತ್ತಲು. ಕೋವ್ಯಾಡಿನ ಯಂತ್ರಗಳು ಕೈ ಬದಲಾಗುತ್ತಾ ವರ್ಷಗಟ್ಟಲೆ ಓಡಿದವು, ಸಣ್ಣ ಕಚೇರಿಗಳ ಬಿಲ್ಲಿನ ಮೇಲಿನ ಹೆಸರು ಬದಲಾಯಿತು, ದೀಪ ಆರಲಿಲ್ಲ. ಇದು ಸಣ್ಣ ಉಪಕಾರವಲ್ಲ. ಹಾಗೆಂದು ಪ್ಲಾಟಿನಂ ಕಂಪನಿಯನ್ನು ಉಳಿಸಿತು ಎಂದೂ ಹೇಳಲಾರೆ. ಉಳಿಸುವುದು ಅವರ ಕೈಯಲ್ಲಿ ಇರಲಿಲ್ಲ. ಎಷ್ಟೇ ಜಾಣ ಕೊಳ್ಳುವವನಾದರೂ ಖರ್ಚು ಇಳಿಸಬಹುದು, ಸಾಲ ಮುಂದೂಡಬಹುದು, ಕೂಡಿಸಬಹುದು, ಒಡೆಯಬಹುದು. ಜಂಪರಿನ ಇನ್ನೊಂದು ತುದಿ ಯಾರ ಚೌಕಟ್ಟಿನಲ್ಲಿದೆ ಎಂಬುದನ್ನು ಬದಲಿಸಲಾರ.

ಕೋವ್ಯಾಡಿನ ತೊಟ್ಟಿಲು ತೂಗಿದ ಅದೇ ವಾರ್ಬರ್ಗ್ ಪಿಂಕಸ್, ಅದೇ ವರ್ಷಗಳಲ್ಲಿ, ಭಾರತದಲ್ಲಿ ಭಾರ್ತಿ ಕಂಪನಿಯಲ್ಲಿ ಸುಮಾರು 30 ಕೋಟಿ ಡಾಲರ್ ಹೂಡಿತು. ಈಗಿನ ಏರ್‌ಟೆಲ್. ಹಲವು ಪಟ್ಟು ಗಳಿಸಿ ಹೊರಬಂತು. ಎರಡೂ ಕಡೆ ಹಣ ಒಂದೇ ಬಗೆಯದು, ಹಾಕಿದ ಕೈ ಒಂದೇ. ಭಾರ್ತಿಗೆ ಪರವಾನಗಿ ಇತ್ತು, ತರಂಗ ಇತ್ತು, ಗಿರಾಕಿಯ ಮನೆಗೆ ಹೋಗಲು ಬೇರೆಯವರ ಎಕ್ಸ್‌ಚೇಂಜಿನ ಬೀಗ ತೆಗೆಸಬೇಕಾಗಿರಲಿಲ್ಲ. ನಮ್ಮ ಬೆಂಗಳೂರಿನ ಆಕ್ಟ್ ಎಂಬ ಇಂಟರ್‌ನೆಟ್ ಕಂಪನಿಯಲ್ಲೂ ಪ್ರೈವೇಟ್ ಈಕ್ವಿಟಿ ನಿಧಿಗಳ ಹಣ ಬಂದು ಹೋಗಿದೆ. ಅದೂ ತನ್ನ ಕೇಬಲ್ಲನ್ನು ತಾನೇ ಎಳೆದುಕೊಂಡು ಬೆಳೆದದ್ದು. ಆ ಕೇಬಲ್ಲಿಗೆ ಬೆಂಗಳೂರಿನ ಮರಗಳೇ ಕಂಬ, ಅದು ಬೇರೆ ಮಾತು.

ನಮ್ಮ ದೇಶವೂ ಒಮ್ಮೆ ಇದೇ ಕವಲಿನಲ್ಲಿ ನಿಂತಿತ್ತು. 2004ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್, ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್‌ನ ತಾಮ್ರದ ತಂತಿಯನ್ನು ಇತರರಿಗೂ ತೆರೆಯಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷ ಬಂದ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರ್ಕಾರ ಅದನ್ನು ಕಡ್ಡಾಯ ಮಾಡಲಿಲ್ಲ. 2005ರಲ್ಲಿ ನಾವೇ ಎಕ್ಸ್‌ಚೇಂಜುಗಳಲ್ಲಿ ಡಿಎಸ್‌ಎಲ್ ಪೆಟ್ಟಿಗೆಗಳನ್ನು ಕೂರಿಸಿದೆವು. ಆಗ ನಮಗೆ ಖುಷಿಯೇ ಆಗಿತ್ತು, ನಮ್ಮ ಚೌಕಟ್ಟಿಗೆ ಹೊರಗಿನವರು ಕೈ ಹಾಕುವುದು ತಪ್ಪಿತೆಂದು. ಈಗ ಯೋಚಿಸಿದರೆ ಅದು ಸರಿಯೋ ತಪ್ಪೋ ಎಂಬುದರಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ತೆರೆದಿದ್ದರೆ ನಮ್ಮಲ್ಲೂ ನಾಲ್ಕು ಕೋವ್ಯಾಡ್ ಹುಟ್ಟುತ್ತಿದ್ದವು, ನಾಲ್ಕೂ ಸಾಯುತ್ತಿದ್ದವೇನೋ, ಆದರೆ ಆ ನಾಲ್ಕರ ಭಯಕ್ಕಾದರೂ ನಾವು ಬೇಗ ಬೇಗ ಜಂಪರ್ ಎಳೆಯುತ್ತಿದ್ದೆವು. ತೆರೆಯಲಿಲ್ಲ. ಮಳೆಗಾಲಕ್ಕೆ ಕೇಬಲ್ಲಿನೊಳಗೆ ನೀರು ಇಳಿದು, ತಾಮ್ರ ಹಸಿರುಗಟ್ಟಿ, ಗಿರಾಕಿಗಳು ಮೊಬೈಲ್ ಹಿಡಿದು ಹೊರಟುಹೋದರು.

ಅಮೆರಿಕದಲ್ಲೂ ತಾಮ್ರದ ಕಾಲ ಮುಗಿಯುತ್ತಿದೆ. 2029ರ ಕೊನೆಯೊಳಗೆ ತನ್ನ ತಾಮ್ರದ ಜಾಲದಲ್ಲಿ ಹೆಚ್ಚಿನದನ್ನು ನಿಲ್ಲಿಸುತ್ತೇನೆ ಎಂದು ಎಟಿ ಅಂಡ್ ಟಿ, ಅಂದರೆ ಹಳೆಯ ಎಸ್‌ಬಿಸಿ, 2024ರ ಡಿಸೆಂಬರಿನಲ್ಲಿ ಹೇಳಿದೆ.

ಮಾತು ಮುಗಿದ ಮೇಲೆ ವಿದ್ಯಾರ್ಥಿಗಳು ಕೆಲವು ಪ್ರಶ್ನೆ ಕೇಳಿದರು, ಹೆಚ್ಚಾಗಿ ನಿಧಿಯ ಶುಲ್ಕದ ಬಗ್ಗೆ. ಕೊನೆಯ ಸಾಲಿನಲ್ಲಿ ನಿವೃತ್ತ ಲೈನ್‌ಮನ್ ಒಬ್ಬರು ಕೂತಿದ್ದರು, ಮೊಮ್ಮಗಳ ಜೊತೆ ಬಂದವರು. ಅವರು ಎದ್ದು ನಿಂತು, "ಸಾರ್, ಆ ಕಂಪನಿ ಮುಚ್ಚಿದ ಮೇಲೆ ಎಂಡಿಎಫ್‌ನಲ್ಲಿ ಅವರ ಜಂಪರ್ ತೆಗೆದವರು ಯಾರು?" ಎಂದು ಕೇಳಿದರು.

"ಹಾಕಿದವರೇ," ಎಂದೆ. "ಧಣಿಯ ಆಳುಗಳು. ಇನ್ನೊಬ್ಬರಿಗೆ ಆ ಚೌಕಟ್ಟು ಮುಟ್ಟುವ ಅಧಿಕಾರ ಎಲ್ಲಿತ್ತು?"

"ತೆಗೆಯುವುದಕ್ಕೆ ತಡ ಮಾಡಿರಲಿಕ್ಕಿಲ್ಲ," ಎಂದು ಅವರು ಕೂತರು.